ಸೆಟ್ ಆಗುವ ತನಕ

ಪ್ರತಿ ವರ್ಷ ಪ್ರಥಮ ಪಿಯುಸಿಯ ಮಕ್ಕಳಿಗೆ ನಾನು ಕಲಿಸುವ ಮೊದಲ ಪಾಠ ಸೆಟ್ಸ್. ಪುತ್ತೂರಿನ ನಮ್ಮ ಕಾಲೇಜಿಗೆ ಕನ್ನಡ ಮಾಧ್ಯಮದಲ್ಲಿ ಓದಿದವರೂ ತುಂಬ ಮಂದಿ ಬರುತ್ತಾರೆ. ಅವರಿಗೆ ಸುಲಭವಾಗಲಿ ಎಂದು ಮೊದಮೊದಲು ನಾನು ಗಣ ಎಂದು ಹೇಳುತ್ತಿದ್ದೆ. ಗಣ ಎಂದರೆ ಗಣಹೋಮವೊಂದೇ ಗೊತ್ತಿದ್ದ ಅವರು ನನ್ನ ಮುಖವನ್ನು ಪಿಳಿಪಿಳಿ ನೋಡುತ್ತಿದ್ದರು. ಈಗ ಆ ಗೋಜಿಗೆ ಹೋಗುವುದಿಲ್ಲ. ಸೆಟ್ ಎಂಬ ಶಬ್ದವನ್ನು ನೀವು ಎಲ್ಲೆಲ್ಲಿ ಕೇಳಿದ್ದೀರಿ ಹೇಳಿ ಎಂದು ಅವರನ್ನೇ ಬಿಟ್ಟುಬಿಡುತ್ತೇನೆ. ಆಮೇಲೆ ಸ್ವಲ್ಪ ಹೊತ್ತು ತರಗತಿಯಲ್ಲಿ ಗಲಾಟೆಯೋ ಗಲಾಟೆ.

ಮೊದಲು ಬರುವುದು ಸೆಟ್ ದೋಸೆ. ಅದು ಬಾರದ ವರ್ಷವೇ ಇಲ್ಲ. ಆಮೇಲೆ ಪಂಪ್ ಸೆಟ್, ಮೈಕ್ ಸೆಟ್, ಮದುಮಗಳ ನೆಕ್ಲೆಸ್ ಸೆಟ್. ವಾಲಿಬಾಲ್ ಆಡುವವರು ಮೊದಲ ಸೆಟ್ ಗೆದ್ದು ಕೊನೆಯ ಸೆಟ್ಟಿನಲ್ಲಿ ಸೋತ ಕಥೆಯನ್ನು ಇಡಿಯಾಗಿ ಹೇಳಲು ಹೊರಡುತ್ತಾರೆ, ತಡೆಯಬೇಕಾಗುತ್ತದೆ. ಒಮ್ಮೆ ಪೆರಾಬೆ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತು, ರಬ್ಬರ್ ಹಾಲಿಗೆ ಆಸಿಡ್ ಬೆರೆಸಿ ತಟ್ಟೆಯಲ್ಲಿ ಬಿಟ್ಟರೆ ಅದು ಸೆಟ್ ಆಗುತ್ತದೆ, ಆದ ಮೇಲೆ ಮಿಷನಿಗೆ ಕೊಟ್ಟು ಶೀಟ್ ಮಾಡುವುದು, ಆಗುವ ಮೊದಲೇ ಮುಟ್ಟಿದರೆ ಎಲ್ಲ ಹಾಳು ಎಂದು ವಿವರವಾಗಿ ಹೇಳಿದಳು. ಹಿಂದಿನ ಬೆಂಚಿನಿಂದ ಯಾರೋ ಒಬ್ಬ, ಮೇಡಂ ಇಲ್ಲಿ ಇಬ್ಬರದ್ದು ಸೆಟ್ ಉಂಟು ಎಂದು ಒದರಿ ಪುಸ್ತಕದ ಹಿಂದೆ ಅಡಗಿದ. ಆ ಇಬ್ಬರು ಯಾರು ಎಂದು ಇಡೀ ತರಗತಿಗೆ ಗೊತ್ತಿತ್ತು, ನನಗೊಬ್ಬಳಿಗೆ ಗೊತ್ತಿರಲಿಲ್ಲ.

ಎಲ್ಲ ಮುಗಿದ ಮೇಲೆ ನಾನು ಬೋರ್ಡಿನ ಮೇಲೆ ಗಣಿತದ ಅರ್ಥವನ್ನು ಬರೆಯುತ್ತೇನೆ. ಸೆಟ್ ಎಂದರೆ ಸ್ಪಷ್ಟವಾಗಿ ಹೇಳಲು ಬರುವ ಒಂದು ಕೂಟ. ಯಾವುದು ಒಳಗೆ, ಯಾವುದು ಹೊರಗೆ ಎಂಬ ವಿಷಯದಲ್ಲಿ ಯಾರಿಗೂ ಯಾರೊಡನೆಯೂ ಜಗಳ ಇರಬಾರದು. ರುಚಿಯಾದ ದೋಸೆಗಳೆಲ್ಲ ಸೇರಿ ಗಣಿತದ ಸೆಟ್ ಆಗುವುದಿಲ್ಲ, ಏಕೆಂದರೆ ನಿನ್ನ ನಾಲಿಗೆ ಬೇರೆ, ನನ್ನ ನಾಲಿಗೆ ಬೇರೆ. ಮಕ್ಕಳು ಬರೆದುಕೊಳ್ಳುತ್ತಾರೆ. ಹೊರಗಿನ ಅಷ್ಟೂ ಅರ್ಥಗಳನ್ನು ಒರೆಸಿ ಈ ಒಂದನ್ನು ಉಳಿಸುವಾಗ ನನಗೆ ಪ್ರತಿ ವರ್ಷ ಒಂದು ನಮೂನೆ ಆಗುತ್ತದೆ. ಬದುಕಿನಲ್ಲಿ ನಾನು ಕಂಡದ್ದು ಹೆಚ್ಚಾಗಿ ಆ ಒರೆಸಿ ಹಾಕಿದ ಅರ್ಥಗಳನ್ನೇ.

ನಾವು ಇರುವುದು ಜಾಲ್ಸೂರಿನಲ್ಲಿ, ಅಪ್ಪನ ಅಂಗಡಿಯ ಹಿಂಬದಿಯ ಮನೆಯಲ್ಲಿ. ಅಪ್ಪನದ್ದು ಪಂಪ್ ಸೆಟ್ ರಿಪೇರಿ, ಸುಟ್ಟ ಮೋಟರಿಗೆ ತಾಮ್ರದ ತಂತಿ ಹೊಸದಾಗಿ ಸುತ್ತಿ ಕೊಡುವ ಕೆಲಸ. ಬೇಸಿಗೆ ಬಂತೆಂದರೆ ನಮ್ಮ ಜಗಲಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಜೀಪಿನಿಂದ ಮೋಟರು ಇಳಿಸುತ್ತಾ ಜನ ಸೆಟ್ ಹೋಯ್ತು ಮಾರಾಯ್ರೆ ಎಂದು ಮನೆಯಲ್ಲಿ ಯಾರಿಗೋ ಏನೋ ಆದ ಸ್ವರದಲ್ಲಿ ಹೇಳುತ್ತಾರೆ. ಎದುರುಗಡೆ ಬಟ್ಟೆ ಅಂಗಡಿಯ ಸಾಹೇಬರು. ಗಲ್ಫಿನಿಂದ ಮರಳಿ ಬಂದು ಅಂಗಡಿ ಹಾಕಿದವರು. ಓಣಂ ಹತ್ತಿರ ಬರುವಾಗ ಕಾಸರಗೋಡಿನ ಬಸ್ಸಿನಿಂದ ಇಳಿಯುವ ಹೆಂಗಸರಿಗಾಗಿ ಜರಿ ಅಂಚಿನ, ಸೀರೆಯ ಹಾಗೆ ಉಡುವ ಎರಡು ತುಂಡಿನ ಸೆಟ್ ಮುಂಡುಗಳನ್ನು ಬಾಗಿಲಲ್ಲೇ ನೇತು ಹಾಕುತ್ತಾರೆ. ಅಪ್ಪನೊಡನೆ ತುಳುವಿನಲ್ಲಿ, ಗಿರಾಕಿಗಳೊಡನೆ ಮಲಯಾಳದಲ್ಲಿ, ಮನೆಯವರೊಡನೆ ಬ್ಯಾರಿಯಲ್ಲಿ ಮಾತಾಡುವ ಅವರು ನನ್ನೊಡನೆ ಮಾತ್ರ ಶುದ್ಧ ಕನ್ನಡದಲ್ಲಿ ಮಾತಾಡುತ್ತಾರೆ, ಟೀಚರಲ್ಲವಾ ಎಂದು. ಟೀಚರಿಗೆ ಯಾವ ಗಂಡೂ ಸೆಟ್ ಆಗುವುದಿಲ್ಲ ಎಂದು ಅಪ್ಪನಿಗೆ ಮೊದಲು ಹೇಳಿದವರೂ ಅವರೇ. ಮಾತು ಸುಳ್ಳಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ನೋಡಲು ಬಂದವರು ಕಾಫಿ ಲೋಟ ಕೆಳಗಿಡುವ ಮೊದಲೇ ನಾನು ಏನಾದರೊಂದು ಎದುರು ಮಾತಾಡಿ ಆಗಿರುತ್ತಿತ್ತು. ಈಗ ಯಾರೂ ಬರುವುದಿಲ್ಲ, ನನಗೂ ಅದರಿಂದ ಆರಾಮ.

ಆದರೆ ಈ ಶಬ್ದ ನಮ್ಮ ಮನೆಯೊಳಗೆ ಕಾಲು ಚಾಚಿ ಕೂತದ್ದು ಮೋಟರಿನಿಂದಲೂ ಅಲ್ಲ, ಮದುವೆಯಿಂದಲೂ ಅಲ್ಲ. ಅಪ್ಪನ ಹಲ್ಲಿನ ಸೆಟ್ಟಿನಿಂದ.

ಅದಕ್ಕೆ ಮೊದಲು ಅಮ್ಮನ ಕಿವಿಯ ವಿಷಯ ಹೇಳಬೇಕು. ಅಮ್ಮನ ಕಿವಿ ಒಂದೇ ದಿನ ಹೋದದ್ದಲ್ಲ. ಮೊದಲು ಕುಕ್ಕರಿನ ಸೀಟಿ ಕೇಳುವುದು ನಿಂತಿತು, ಆಮೇಲೆ ಫೋನು, ಆಮೇಲೆ ನಾನು. ಪುತ್ತೂರಿನಿಂದ ಕಿವಿಯ ಮಿಷನ್ ತಂದು ಕೊಟ್ಟೆವು. ಸ್ವಲ್ಪ ದಿನ ಹಾಕಿದಳು. ಅದರಲ್ಲಿ ಮಾತೊಂದು ಬಿಟ್ಟು ಬಾಕಿ ಎಲ್ಲ ಕೇಳುತ್ತದೆ, ಹೈವೇಯ ಲಾರಿಗಳೆಲ್ಲ ತಲೆಯೊಳಗೇ ಓಡುತ್ತವೆ ಎಂದು ಪೆಟ್ಟಿಗೆಗೆ ಹಾಕಿ ಕಪಾಟಿನಲ್ಲಿಟ್ಟಳು. ನಾನು ಬೈದೆ. ಅದೂ ಅವಳಿಗೆ ಕೇಳಿಸಲಿಲ್ಲ.

ಹಾಗೆಂದು ಅಮ್ಮ ಮಾತಿನಿಂದ ಹೊರಗೆ ಬಿದ್ದಿರಲಿಲ್ಲ. ಅವಳಿಗೆ ಅಪ್ಪನ ತುಟಿ ಓದಲು ಬರುತ್ತಿತ್ತು. ಯಾರೂ ಕಲಿಸಿದ್ದಲ್ಲ, ಕಿವಿ ಹಿಂದೆ ಸರಿದಂತೆಲ್ಲ ಕಣ್ಣು ತಾನೇ ಮುಂದೆ ಬಂದದ್ದು. ಅಪ್ಪ ಸ್ವರವನ್ನೇ ಹೊರಡಿಸದೆ ಬರೀ ತುಟಿ ಆಡಿಸಿದರೂ ಸಾಕು, ಅಂಗಳದ ಆಚೆ ಬದಿಯಿಂದ ಉತ್ತರ ಬರುತ್ತಿತ್ತು. ನನ್ನದು ಮಾತ್ರ ಆಗುತ್ತಿರಲಿಲ್ಲ. ನೀನು ರೈಲು ಓಡಿದ ಹಾಗೆ ಮಾತಾಡುದು ಎಂದು ಅವಳ ದೂರು. ಹಾಗಾಗಿ ನಾನು ಅಪ್ಪನಿಗೆ ಹೇಳುವುದು, ಅಪ್ಪ ಅವಳ ಕಡೆ ತಿರುಗಿ ನಿಧಾನಕ್ಕೆ ಹೇಳುವುದು, ಇದು ನಮ್ಮ ಮನೆಯ ಕ್ರಮ. ಹೊರಗಿನವರು ನೋಡಿದರೆ ನಾವು ಅಮ್ಮ ಮಗಳು ಮಾತು ಬಿಟ್ಟವರು ಎಂದೇ ತಿಳಿಯಬೇಕು.

ಕಲ್ಲುಗುಂಡಿಯಲ್ಲಿ ಅಮ್ಮನ ಅಕ್ಕ ಇದ್ದರು, ನನ್ನ ದೊಡ್ಡಮ್ಮ. ಸಂಜೆ ಅಪ್ಪ ಅಂಗಡಿಯ ಬಾಗಿಲು ಅರ್ಧ ಎಳೆಯುವ ಹೊತ್ತಿಗೆ ಸರಿಯಾಗಿ ಅವರ ಫೋನು ಬರುತ್ತಿತ್ತು. ಅಪ್ಪ ಫೋನನ್ನು ಕಿವಿಗೆ ಹಿಡಿದು ಅಮ್ಮನ ಎದುರು ಕೂರುವರು. ಆಚೆಯಿಂದ ದೊಡ್ಡಮ್ಮ ಹೇಳಿದ್ದನ್ನು ಇವರು ತುಟಿಯಲ್ಲಿ ಹೇಳುವರು, ಅಮ್ಮ ಜೋರಾಗಿ ಉತ್ತರ ಕೊಡುವಳು. ಸೊಸೆ ಮಾಡಿದ ಪತ್ರೊಡೆಗೆ ಹುಳಿ ಸಾಲಲಿಲ್ಲ ಎನ್ನುವುದರಿಂದ ಹಿಡಿದು ಯಾರ ಮಗಳಿಗೆ ಎಷ್ಟನೇ ತಿಂಗಳು ಎನ್ನುವ ತನಕ ಅಕ್ಕತಂಗಿಯರ ಅಷ್ಟೂ ಮಾತು ಅಪ್ಪನ ಬಾಯಿಯಲ್ಲಿ ಹಾದು ಹೋಗುತ್ತಿತ್ತು. ಅಪ್ಪನಿಗೆ ಒಂದು ದಿನವೂ ಬೇಸರ ಬಂದದ್ದು ನಾನು ನೋಡಿಲ್ಲ. ವಿಡಿಯೋ ಕಾಲ್ ಮಾಡಿ ಎಂದು ನಾನು ಹೇಳಿದ್ದೆ. ಕಲ್ಲುಗುಂಡಿಯ ಅವರ ಮನೆಯಲ್ಲಿ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಂದ ದಿನವೂ ದೊಡ್ಡಮ್ಮನ ಮುಖ ಚೌಕ ಚೌಕವಾಗಿ ನಿಂತು, ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ.

ಅಪ್ಪನಿಗೆ ಮಾತಿನ ಹುಚ್ಚು ಮೊದಲಿನಿಂದಲೂ ಇತ್ತು. ತಾಳಮದ್ದಳೆಯಲ್ಲಿ ಅರ್ಥ, ಎಂದರೆ ಪಾತ್ರದ ಮಾತು, ಹೇಳುತ್ತಿದ್ದರು. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಮಾತಿನಿಂದ ಒಂದು ಅರಮನೆ ಕಟ್ಟುವ ಕೆಲಸ. ದೊಡ್ಡ ಹೆಸರೇನೂ ಅಲ್ಲ, ಸುಳ್ಯ ಕಡಬದ ನಡುವಿನ ಭಜನಾ ಮಂದಿರಗಳಲ್ಲಿ ಕರೆದಲ್ಲಿಗೆ ಹೋಗುತ್ತಿದ್ದರು. ಅವರಿಗೆ ಬರುತ್ತಿದ್ದುದು ಹೆಚ್ಚಾಗಿ ಮುದಿ ರಾಜನ ಪಾತ್ರ. ಅಮ್ಮ ಎಲ್ಲ ಕಡೆಗೂ ಹೋಗುವಳು. ಕಿವಿ ಹೋದ ಮೇಲೂ ಬಿಡಲಿಲ್ಲ. ಅಪ್ಪನ ಮುಖ ನೇರ ಕಾಣುವ ಜಾಗ ಹಿಡಿದು, ಎದುರಾಳಿ ಅರ್ಥಧಾರಿಯ ಬೆನ್ನ ಹಿಂದೆ ಕೂರುವಳು.

ಇಂಥ ಬಾಯಿಗೆ ಪೆಟ್ಟು ಬಿತ್ತು. ಜೀವಮಾನವಿಡೀ ಎಲೆಅಡಿಕೆ ಜಗಿದ ಒಸಡು, ಹಲ್ಲುಗಳು ಒಂದೊಂದಾಗಿ ಅಲ್ಲಾಡುತ್ತಿದ್ದವು. ಪುತ್ತೂರಿನ ಡಾಕ್ಟರಮ್ಮ, ನನ್ನಲ್ಲೇ ಪಿಯುಸಿ ಕಲಿತ ಹುಡುಗಿ, ನೋಡಿ ತಲೆಯಾಡಿಸಿ, ಇದ್ದದ್ದನ್ನೆಲ್ಲ ತೆಗೆದು ಸೆಟ್ ಕೂರಿಸುವುದೇ ಸರಿ ಎಂದಳು. ತೆಗೆದ ಮೇಲೆ ಒಸಡು ಒಣಗಬೇಕು, ಆಮೇಲೆ ಅಳತೆ, ಆಮೇಲೆ ಮೇಣದ್ದೊಂದು ಮಾಡಿ ನೋಡುವುದು, ಆಮೇಲೆ ಸೆಟ್. ಅಲ್ಲಿಯವರೆಗೆ ಗಂಜಿ.

ಹಲ್ಲು ತೆಗೆಸಿ ಬಂದ ದಿನ ಅಪ್ಪನ ಮುಖ ನೋಡಿ ನಾನೇ ಹೆದರಿದೆ. ತುಟಿಗಳು ಒಳಗೆ ಮಡಚಿಕೊಂಡಿದ್ದವು. ಕೆನ್ನೆ ಹೊಂಡ. ಬಾಯಿಯಲ್ಲಿದ್ದ ಹತ್ತಿಯೆಲ್ಲ ತೆಗೆದಾದ ಮೇಲೆ ಅವರು ಅಮ್ಮನ ಕಡೆ ತಿರುಗಿ ಏನೋ ಹೇಳಿದರು. ಅಮ್ಮ ಎಂತ ಎಂದಳು. ಮತ್ತೆ ಹೇಳಿದರು. ಅವಳು ಹತ್ತಿರ ಬಂದು, ಬೆಳಕಿಗೆ ಅವರ ಗಲ್ಲ ತಿರುಗಿಸಿ, ಇನ್ನೊಮ್ಮೆ ಎಂತ ಎಂದಳು. ಅವರು ಹೇಳುತ್ತಿದ್ದುದು ನೋವು ಇಲ್ಲ ಎಂದು ಅಷ್ಟೆ.

ಮೊದಲ ಕೆಲವು ದಿನ ಇಡೀ ಮನೆಯಲ್ಲಿ ಎಂತ, ಎಂತ ಎಂಬುದೊಂದೇ ಶಬ್ದ. ನನಗೆ ತಲೆ ಕೆಟ್ಟು ಹೋಗಿತ್ತು. ಸುಣ್ಣದ ಗೋಡೆಗೆ ಹೇಳಿದ ಹಾಗೆ ಹೇಳಿದ್ದನ್ನೇ ಹೇಳಬೇಕು. ಒಂದು ದಿನ ಹಾಳೆಯಲ್ಲಿ ಬರೆದು ಅಮ್ಮನ ಕೈಗೆ ಕೊಟ್ಟೆ. ಅವಳು ಓದಿ, ಮಡಚಿ, ನನ್ನ ಬ್ಯಾಗಿನೊಳಗೆ ಹಾಕಿದಳು.

"ಮನೆಯವರಿಗೆ ನೋಟಿಸು ಕೊಡುದಾ ನೀನು? ನಾನೆಂತ ನಿನ್ನ ಬಾಡಿಗೆಯವಳಾ?"

ಆಮೇಲೆ ಎಂತ ಎನ್ನುವುದು ನಿಂತಿತು. ನಾನು ದಡ್ಡಿ, ಸುಧಾರಿಸಿತು ಎಂದುಕೊಂಡೆ. ಸುಧಾರಿಸಿದ್ದಲ್ಲ. ಅಮ್ಮ ಹೂಂ ಎನ್ನಲು ಶುರು ಮಾಡಿದ್ದಳು. ಏನು ಹೇಳಿದರೂ ಹೂಂ, ಜೊತೆಗೆ ಒಂದು ಸಣ್ಣ ನಗು. ಚಾ ಬೇಕಾ ಎಂದರೂ ಹೂಂ, ನೀರು ಬಂದಿಲ್ಲ ಎಂದರೂ ಹೂಂ. ನೆಂಟರು ಬಂದರೆ ಅವರ ಮಾತಿಗೆಲ್ಲ ಹೂಂ. ಹೊರಗೆ ಕೂತವರನ್ನು ಯಾರೂ ಒಳಗೆ ಕರೆಯದಿದ್ದಾಗ ಅವರು ಮರ್ಯಾದೆಗೆ ನಗುವುದುಂಟಲ್ಲ, ಅಂಥ ನಗು. ನಮ್ಮ ಮೂವರ ಆ ಸಣ್ಣ ಮನೆಯಲ್ಲಿ ನಾನು ಮತ್ತು ಅಪ್ಪ ಒಳಗೆ, ಅಮ್ಮ ಹೊರಗೆ. ಅದನ್ನು ನೋಡಲಾಗದೆ ನಾನು ಸಿಡುಕುತ್ತಿದ್ದೆ. ಸಿಡುಕಿ ಪ್ರಯೋಜನವೂ ಇರಲಿಲ್ಲ.

ಅದೇ ಸಮಯಕ್ಕೆ ಕಲ್ಲುಗುಂಡಿಯಲ್ಲಿ ದೊಡ್ಡಮ್ಮ ಮಲಗಿದರು. ಉಸಿರು ಸಾಲುತ್ತಿರಲಿಲ್ಲ. ಸುಳ್ಯದಲ್ಲಿ ತೋರಿಸಿ, ಮಂಗಳೂರಿಗೆ ಕೊಂಡುಹೋಗಿ ತೋರಿಸಿ, ಕೊನೆಗೆ ಮನೆಯಲ್ಲೇ ಇರಲಿ ಎಂದು ಕರೆದುಕೊಂಡು ಬಂದಿದ್ದರು. ಮನೆಯಲ್ಲೇ ಇರಲಿ ಎಂದರೆ ಏನು ಎಂದು ಎಲ್ಲರಿಗೂ ಗೊತ್ತಿತ್ತು. ಒಂದು ಭಾನುವಾರ ನಾವು ಮೂವರೂ ಮಡಿಕೇರಿ ಬಸ್ಸು ಹತ್ತಿ ಹೋದೆವು. ದೊಡ್ಡಮ್ಮ ದಿಂಬಿಗೆ ಒರಗಿ ಅಮ್ಮನ ಕೈ ಹಿಡಿದುಕೊಂಡು ಮಾತಾಡಿದರು. ಉಸಿರಿನ ನಡುವೆ ಬಿಟ್ಟು ಬಿಟ್ಟು ಬರುವ ಮಾತು, ತುಟಿ ಸರಿಯಾಗಿ ತೆರೆಯುತ್ತಲೂ ಇರಲಿಲ್ಲ. ಅಮ್ಮ ಅಪ್ಪನ ಕಡೆ ನೋಡಿದಳು. ಅಪ್ಪ ಆ ಒಳಗೆ ಹೋದ ಬಾಯಿಯಲ್ಲಿ ಹೇಳಿದರು, ಮತ್ತೆ ಹೇಳಿದರು. ಅಮ್ಮ ಅಕ್ಕನ ಕಡೆ ತಿರುಗಿ ಹೂಂ ಎಂದು ನಕ್ಕಳು. ದೊಡ್ಡಮ್ಮನಿಗೂ ತಿಳಿಯಿತು. ಕೈ ಮಾತ್ರ ಬಿಡಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮ ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದಳು. ಅಕ್ಕ ಎಂತ ಹೇಳಿದ್ದು ಎಂದು ನನ್ನನ್ನು ಕೇಳಿದಳು. ಚಿಕ್ಕವರಿರುವಾಗ ನಿನ್ನನ್ನು ಸೊಂಟದ ಮೇಲೆ ಕೂರಿಸಿ ಹೊಳೆ ದಾಟಿಸುತ್ತಿದ್ದೆ, ನೆನಪುಂಟಾ ಎಂದು ಕೇಳಿದ್ದರು. ನಾನು ಬ್ಯಾಗಿನಿಂದ ಪೆನ್ನು ತೆಗೆದೆ. ಅವಳು ನನ್ನ ಕೈಯನ್ನು ಒತ್ತಿ ಹಿಡಿದು ಬೇಡ ಎಂದಳು. ಅವರ ಬಾಯಿಯಲ್ಲೇ ಬರಲಿ ಎಂದಳು. ಅವರು ಎಂದರೆ ಅಪ್ಪ. ಮುಂದಿನ ಸೀಟಿನಲ್ಲಿ ಅಪ್ಪ ಶಾಲಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದರು.

ಆ ಸಂಜೆ ಅಂಗಡಿಯಲ್ಲಿ ನನ್ನೊಡನೆ ಅಪ್ಪ ಕಷ್ಟಪಟ್ಟು ಒಂದು ಮಾತು ಹೇಳಿದರು. ನನಗೆ ಅರ್ಥವಾಗಲಿಕ್ಕೇ ಸ್ವಲ್ಪ ಹೊತ್ತು ಬೇಕಾಯಿತು.

"ಅಕ್ಕನದ್ದು ಇನ್ನು ಹೆಚ್ಚು ದಿನ ಇಲ್ಲ. ಇದ್ದಷ್ಟು ದಿನ ಇವರಿಬ್ಬರಿಗೂ ಮಾತು ಬೇಕು. ಮತ್ತೆ ಆ ಸುದ್ದಿ ಬಂದ ದಿನ ನಾನೇ ಹೇಳ್ಬೇಕಲ್ಲ. ಅಂಥದ್ದನ್ನು ಎರಡೆರಡು ಸಲ ಹೇಳಿಸುದು ಬೇಡ ದೇವರು."

ನಾನು ಡಾಕ್ಟರಮ್ಮನಿಗೆ ಫೋನು ಮಾಡಿ ಒಸಡು ಬೇಗ ಒಣಗಲು ಏನಾದರೂ ಉಂಟಾ ಎಂದು ಕೇಳಿದೆ. ನಮ್ಮ ಟೀಚರಿಗೆ ಇಷ್ಟೂ ತಿಳಿಯುವುದಿಲ್ಲವಾ ಎಂದುಕೊಂಡಳೋ ಏನೋ, ತಗ್ಗಿದ ಸ್ವರದಲ್ಲಿ ಅದಕ್ಕೆಲ್ಲ ಅದರದ್ದೇ ಟೈಮ್ ಉಂಟು ಎಂದಳು. ಆಗ ನನಗೆ ಪೆರಾಬೆಯ ಹುಡುಗಿಯ ರಬ್ಬರ್ ಹಾಲು ನೆನಪಾಯಿತು. ತಾರಸಿಗೆ ಕಾಂಕ್ರೀಟ್ ಹಾಕಿದವರು ನೀರು ನಿಲ್ಲಿಸಿ ಕಾಯುವುದು ನೆನಪಾಯಿತು. ನಮ್ಮವರು ಈ ಇಂಗ್ಲಿಷ್ ಶಬ್ದವನ್ನು ಇಟ್ಟುಕೊಂಡದ್ದು ಹೆಚ್ಚಾಗಿ ಮನುಷ್ಯ ಕೈಕಟ್ಟಿ ಕಾಯಬೇಕಾದ ಕಡೆಗಳಲ್ಲೇ. ಹಾಲು ಹೆಪ್ಪಾಗುವುದಕ್ಕೆ ನಮ್ಮಲ್ಲಿ ಶಬ್ದ ಉಂಟು, ಗಾಯ ಮಾಯುವುದಕ್ಕೂ ಉಂಟು. ಆದರೂ ಒಂದು ವಸ್ತು ಅದರ ಜಾಗದಲ್ಲಿ ಅದರಷ್ಟಕ್ಕೆ ಕೂರುವ ತನಕ ನಾವು ಮುಟ್ಟದೆ ಇರಬೇಕು ಎಂಬುದನ್ನು ಒಂದೇ ಉಸಿರಿನಲ್ಲಿ ಹೇಳಲು ಜನ ಇದನ್ನೇ ಆರಿಸಿಕೊಂಡರು. ಬೋರ್ಡಿನ ಮೇಲೆ ನಾನು ಬರೆಯುವ ಸೆಟ್ಟಿಗೆ ಕಾಯುವ ಕಷ್ಟವೇ ಇಲ್ಲ. ಬ್ರಾಕೆಟ್ ಹಾಕಿದರೆ ಆಯಿತು.

ಕೊನೆಗೆ ಹಲ್ಲು ಬಂತು. ಅಪ್ಪ ಕನ್ನಡಿಯ ಎದುರು ನಿಂತು ಹಾಕಿಕೊಂಡು ಹೊರಗೆ ಬಂದರು. ಮುಖ ತುಂಬಿತ್ತು, ಆದರೆ ಅದು ಅಪ್ಪನ ಮುಖವಲ್ಲ, ಅಪ್ಪನ ಕಡೆಯ ಯಾರೋ ನೆಂಟರದ್ದು. ತುಟಿ ಮುಂದಕ್ಕೆ ಬಂದಿತ್ತು. ಸ ಎನ್ನುವಲ್ಲಿ ಸಣ್ಣ ಸೀಟಿ, ತ ಎನ್ನುವಲ್ಲಿ ಟಕ್ ಎಂಬ ಸದ್ದು. ಸಾಹೇಬರು ರಸ್ತೆ ದಾಟಿ ನೋಡಲು ಬಂದು, ಈಗ ನೀವು ಮದುಮಗನೇ ಎಂದು ಹೊಗಳಿ ಹೋದರು. ಅಮ್ಮ ತುಂಬ ಹೊತ್ತು ನೋಡಿದಳು. ಅಪ್ಪ ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ ಈಗ ಗೊತ್ತಾಗ್ತದಾ ಎಂದು ಕೇಳಿದರು.

ಅವಳು ಹೂಂ ಎಂದು ನಕ್ಕಳು.

ಅಪ್ಪ ಒಳಗೆ ಹೋಗಿ ಹಲ್ಲು ತೆಗೆದು ನೀರಿನ ಪಾತ್ರೆಗೆ ಹಾಕಿದ್ದು ನನಗೆ ಕೇಳಿಸಿತು. ಅಷ್ಟು ದಿನ ಕಾದದ್ದು ಇದಕ್ಕಾ ಎಂದು ನನಗೆ ಅಳು ಬಂತು.

ಡಾಕ್ಟರಮ್ಮ ದಿನಾಲೂ ಪೇಪರನ್ನು ಗಟ್ಟಿಯಾಗಿ ಓದಬೇಕು ಎಂದಿದ್ದಳು. ನಾಲಿಗೆಗೆ ಹೊಸ ಜಾಗದ ಅಭ್ಯಾಸ ಆಗಲಿಕ್ಕೆ. ಅಪ್ಪನಿಗೆ ಪೇಪರಿನ ಕನ್ನಡ ಸಪ್ಪೆ. ಅವರು ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಕಪಾಟಿಗೆ ಬೆನ್ನು ಕೊಟ್ಟು ಕೂತು, ಸುಟ್ಟ ಮೋಟರುಗಳ ಸಭೆಗೆ ಅರ್ಥ ಹೇಳಲು ಶುರು ಮಾಡಿದರು. ಅದೇ ಮುದಿ ರಾಜ. ಒಂದು ದಿನ ನಾನು ಕಾಲೇಜಿನಿಂದ ಬಂದು ಚಪ್ಪಲಿ ಬಿಡುತ್ತಿದ್ದೆ. ಅಮ್ಮ ಚಾ ತಂದು ಬಾಗಿಲಲ್ಲಿ ನಿಂತಿದ್ದಳು. ಅಪ್ಪ ಅವಳನ್ನು ನೋಡಲಿಲ್ಲ. ಸೀಟಿ ಹೊಡೆಯುವ ಹಲ್ಲಿನಲ್ಲೇ, ಕೈ ಎತ್ತಿ, ಬಾಗಿಲಿಗೆ ಬಂದವನು ಬಂಧುವೋ ಭಿಕ್ಷುವೋ ಎಂದು ವಿಚಾರಿಸುವ ಮೊದಲು ಬಾಗಿಲು ತೆರೆಯುವುದು ನಮ್ಮ ಮನೆತನದ ಪದ್ಧತಿ ಎಂದು ಹೇಳಿ, ಉಸಿರು ತೆಗೆದುಕೊಂಡು, ಮುಂದಕ್ಕೆ ಹೋದರು.

"ನಡುವಿನದ್ದು ಬಿಟ್ಟಿರಿ," ಎಂದಳು ಅಮ್ಮ. "ಮೊದಲು ಆಸನ, ಆಮೇಲೆ ಪ್ರಶ್ನೆ ಅಂತ ಉಂಟಲ್ಲ. ಅದು ಹೇಳದೆ ಮುಂದೆ ಹೋಗುದು ಹೇಗೆ?"

ಅಪ್ಪನ ಕೈ ಮೇಲೆಯೇ ನಿಂತಿತು. ನನ್ನ ಒಂದು ಚಪ್ಪಲಿ ಕಾಲಿನಲ್ಲೇ ಉಳಿಯಿತು. ಹಲ್ಲು ತೆಗೆದ ಮೇಲೆ ಅಮ್ಮ ಅವರ ತುಟಿಯಿಂದ ಹಿಡಿದ ಮೊದಲ ಮಾತು ಅದು.

ಅರ್ಥಕ್ಕೆ ಬರೆದಿಟ್ಟ ಮಾತಿಲ್ಲ, ಅಲ್ಲಲ್ಲಿಗೆ ಹುಟ್ಟಬೇಕು. ಆದರೂ ಪ್ರತಿಯೊಬ್ಬ ಅರ್ಥಧಾರಿಗೂ ಅವನವೇ ಆದ ಕೆಲವು ಕಾಯಂ ಮಾತುಗಳಿರುತ್ತವೆ, ಎಲ್ಲಿ ತಿರುಗುತ್ತಾನೆ, ಎಲ್ಲಿ ನಿಲ್ಲುತ್ತಾನೆ ಎಂಬ ದಾರಿ ಇರುತ್ತದೆ. ಅಪ್ಪನ ದಾರಿಯಲ್ಲಿ ಅಮ್ಮ ಎಷ್ಟು ಸಲ ನಡೆದಿದ್ದಳೋ. ಮುಂದೆ ಯಾವ ಮಾತು ಬರುತ್ತದೆ ಎಂದು ಅವಳಿಗೆ ಗೊತ್ತು. ಹಾಗಾಗಿ ಆ ಮಾತನ್ನು ಈ ಹೊಸ ತುಟಿ ಯಾವ ಆಕಾರದಲ್ಲಿ ಹೇಳುತ್ತದೆ ಎಂದು ನೋಡಿಕೊಳ್ಳಲು ಅವಳಿಗೆ ಪುರುಸೊತ್ತು ಸಿಕ್ಕಿತು. ಗೊತ್ತಿದ್ದದ್ದನ್ನು ಹಿಡಿದು ಗೊತ್ತಿಲ್ಲದ್ದನ್ನು ಬಿಡಿಸುವುದು ನಾನು ದಿನಾ ಮಾಡುವ ಕೆಲಸ, ಆದರೆ ಆ ಉಪಾಯ ನನಗೆ ಹೊಳೆದಿರಲಿಲ್ಲ. ಅವರಿಬ್ಬರಿಗೂ ಹೊಳೆದದ್ದಲ್ಲ, ಚಾ ತರುವಾಗ ಆದದ್ದು.

ಮರುದಿನದಿಂದ ದಿನಾ ಸಂಜೆ ಅಮ್ಮ ಅಪ್ಪನ ಎದುರು ಕೂತಳು. ತಾಳಮದ್ದಳೆಯಲ್ಲಾದರೆ ಎದುರಾಳಿ ಕೂರುವ ಜಾಗ ಅದು. ಮೊದಲು ಸುಮ್ಮನೆ ನೋಡುತ್ತಿದ್ದಳು, ಆಮೇಲೆ ಎದುರು ಪಾತ್ರದ ಅರ್ಥ ತಾನೇ ಹೇಳಲು ತೊಡಗಿದಳು. ಬಾಯಲ್ಲಿ ಇಷ್ಟು ಕನ್ನಡ ಇಟ್ಟುಕೊಂಡು ಇವಳು ಇಷ್ಟು ಕಾಲ ದೋಸೆ ಹೊಯ್ಯುತ್ತಿದ್ದಳಾ ಎಂದು ನಾನು ಬೆರಗಾದೆ. ಅವಳು ತಪ್ಪು ಓದಿದರೆ ಅಪ್ಪ ಅದೇ ಮಾತನ್ನು ಬೇರೆ ಶಬ್ದದಲ್ಲಿ ಹೇಳುವರು. ಪ, ಬ, ಮ ಮೂರೂ ಅವಳ ಕಣ್ಣಿಗೆ ಒಂದೇ, ಮೊದಲಿನಿಂದಲೂ ಹಾಗೆಯೇ. ಈಗ ತ, ಲ, ಸ ಕೂಡ ಬೆರೆತು ಹೋಗಿದ್ದವು. ಅವನ್ನು ಒಂದೊಂದಾಗಿ ಬಿಡಿಸಿಕೊಂಡಳು.

ತಾಪತ್ರಯ ಆದದ್ದು ಇನ್ನೊಂದು ಕಡೆ. ಅರ್ಥದ ಕನ್ನಡದಲ್ಲಿ ಹೇಳಿದರೆ ಅವಳಿಗೆ ತಿಳಿಯುತ್ತಿತ್ತು, ಮನೆಯ ಕನ್ನಡದಲ್ಲಿ ಹೇಳಿದರೆ ಪುನಃ ಹೂಂ. ಹಾಗಾಗಿ ಸ್ವಲ್ಪ ಕಾಲ ನಮ್ಮ ಮನೆಯಲ್ಲಿ ರಾಜರ ಆಳ್ವಿಕೆ ನಡೆಯಿತು. ಎಲೌ ಗೃಹಿಣಿ, ಸಾರಿಗೆ ಲವಣವು ಸಾಲದಾಗಿದೆಯಲ್ಲ ಎಂದು ಅಪ್ಪ ಬಟ್ಟಲಿನ ಎದುರು ಕೂತು ಗಂಭೀರವಾಗಿ ಹೇಳುವರು, ನೀವೇ ಹಾಕಿಕೊಳ್ಳಿ ಮಹಾರಾಜ ಎಂದು ಅಮ್ಮ ಉಪ್ಪಿನ ಡಬ್ಬಿ ದೂಡುವಳು. ಮೋಟರು ತಂದ ಗಿರಾಕಿಗಳು ಒಳಗಿನಿಂದ ಬರುವ ಈ ಮಾತು ಕೇಳಿ ನನ್ನ ಮುಖ ನೋಡುತ್ತಿದ್ದರು. ನಾನು ಏನು ಹೇಳಲಿ, ಹಲ್ಲು ಸೆಟ್ ಆಗುತ್ತಾ ಉಂಟು ಎನ್ನುತ್ತಿದ್ದೆ. ಪೆರಾಬೆಯಿಂದ ಅಪ್ಪನ ಜೊತೆಯ ಅರ್ಥಧಾರಿಯೊಬ್ಬರು ಬಂದು, ಮುಂದಿನ ಕೂಟಕ್ಕೆ ಹೆಸರು ಹಾಕಲಾ ಎಂದು ಕೇಳಿದಾಗ ಅಪ್ಪ, ಈಗ ಮನೆಯಲ್ಲೇ ಕೂಟ ಉಂಟು, ಅದು ಮುಗಿಯಲಿ ಎಂದು ಕಳಿಸಿದರು. ಅವರಿಗೆ ಆಗ ಸಭೆ ಬೇಡವಾಗಿತ್ತು.

ಒಂದು ಸಂಜೆ ಕಲ್ಲುಗುಂಡಿಯ ಫೋನು ಬಂತು. ದೊಡ್ಡಮ್ಮ ತುಂಬ ದಿನದ ಮೇಲೆ ತಾವೇ ಮಾತಾಡುತ್ತಿದ್ದರು. ಅಪ್ಪ ಅಮ್ಮನ ಎದುರು ಕೂತು, ಬಸ್ಸಿನಲ್ಲಿ ಬಾಕಿಯಾಗಿದ್ದ ಆ ಮಾತನ್ನು ಮೊದಲು ಹೇಳಿದರು. ನಿನ್ನನ್ನು ಸೊಂಟದಲ್ಲಿ ಕೂರಿಸಿ ಹೊಳೆ ದಾಟಿಸಿದ್ದು ನೆನಪುಂಟಾ ಎಂದು ಅಕ್ಕ ಅವತ್ತು ಕೇಳಿದ್ದು. ರಾಜರ ಕನ್ನಡವಲ್ಲ, ನಮ್ಮ ಕನ್ನಡ. ಅಮ್ಮ ಅವರ ಬಾಯಿಯನ್ನು ನೋಡಿದಳು. ಅವಳ ಹಣೆ ಗಂಟಾಯಿತು.

"ದಾಟಿಸಿದ್ದು ಅಲ್ಲ," ಅಮ್ಮ ಫೋನಿನ ಕಡೆಗೆ ಬಗ್ಗಿ ಜೋರಾಗಿ ಹೇಳಿದಳು. "ನಡು ಹೊಳೆಯಲ್ಲಿ ಬೀಳಿಸಿದ್ದು. ಬೀಳಿಸಿ, ನಾನೇ ಹಾರಿದ್ದು ಅಂತ ನೀನು ಮನೆಯಲ್ಲಿ ಹೇಳಿದ್ದು."

ಆಚೆಯಿಂದ ದೊಡ್ಡಮ್ಮ ನಕ್ಕರು, ನಗು ಕೆಮ್ಮಾಯಿತು, ಸೊಸೆ ಫೋನು ತೆಗೆದುಕೊಂಡು ಅತ್ತೆಗೆ ನೀರು ಕೊಟ್ಟೆ ಎಂದಳು. ಅಪ್ಪ ಅದನ್ನೂ ಹೇಳಿದರು, ಅಮ್ಮ ಅದನ್ನೂ ಹಿಡಿದಳು. ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ಸದ್ದು ಮಾಡುತ್ತಾ ನಿಂತೆ. ಅಷ್ಟು ಸಂತೋಷ ನನಗೆ ನೌಕರಿ ಸಿಕ್ಕಿದಾಗಲೂ ಆಗಿರಲಿಲ್ಲ.

ಆಮೇಲೆ ಅಕ್ಕತಂಗಿಗೆ ಕೆಲವು ವಾರ ಸಿಕ್ಕಿತು. ದೊಡ್ಡಮ್ಮನಿಗೆ ಮಾತಾಡಲು ಕೂಡುವ ದಿನ ಫೋನು ಬರುತ್ತಿತ್ತು, ಎರಡು ಮಾತು, ಮೂರು ಮಾತು. ಹಳೆಯ ಲೆಕ್ಕಾಚಾರವೆಲ್ಲ ಹೊಳೆಯ ವಿಷಯವೇ, ಯಾರು ಯಾರನ್ನು ಬೀಳಿಸಿದ್ದು ಎಂದು. ಅಪ್ಪನ ಹಲ್ಲಿನ ಸೀಟಿ ಯಾವಾಗ ನಿಂತಿತು ಎಂದು ನನಗೆ ಗೊತ್ತಾಗಲೇ ಇಲ್ಲ. ನಿಂತಿತ್ತು ಅಷ್ಟೆ.

ಸುದ್ದಿ ಬಂದದ್ದು ಬೆಳಗ್ಗೆ, ನಾನು ಬಸ್ಸಿಗೆ ಹೊರಡುವ ಹೊತ್ತಿನಲ್ಲಿ. ದೊಡ್ಡಮ್ಮನ ಮಗ ಫೋನು ಮಾಡಿದ್ದ. ಅಪ್ಪ ಜಗಲಿಯಲ್ಲಿ ನಿಂತು ಕೇಳಿಸಿಕೊಂಡು, ಬರುತ್ತೇವೆ ಎಂದು ಹೇಳಿ ಫೋನು ಇಟ್ಟರು. ಅವರು ಇನ್ನೂ ಹಲ್ಲು ಹಾಕಿರಲಿಲ್ಲ. ಅಮ್ಮ ಹಿಂದಿನ ಅಂಗಳದಲ್ಲಿ ಮೆಟ್ಟಲಿನ ಮೇಲೆ ಕೂತು ಬಸಳೆ ಚಿವುಟುತ್ತಿದ್ದಳು. ನಾನು ಅವಳ ಕಡೆ ಹೊರಟೆ. ಅಪ್ಪ ನನ್ನ ಭುಜ ಹಿಡಿದು ನಿಲ್ಲಿಸಿದರು.

ಬಚ್ಚಲಿಗೆ ಹೋಗಿ ಮುಖ ತೊಳೆದರು. ಪಾತ್ರೆಯಿಂದ ಹಲ್ಲು ತೆಗೆದು, ತೊಳೆದು, ಮೇಲಿನದ್ದು ಹಾಕಿದರು, ಕೆಳಗಿನದ್ದು ಹಾಕಿದರು, ಬೆರಳಿನಿಂದ ಒತ್ತಿ ಸರಿಯಾಗಿ ಕೂತಿದೆಯಾ ಎಂದು ನೋಡಿದರು. ಕನ್ನಡಿಯ ಎದುರು ನಿಂತು ಆ ಮಾತನ್ನು ಸ್ವರವಿಲ್ಲದೆ ಒಮ್ಮೆ ಹೇಳಿಕೊಂಡರು. ಕಣ್ಣು ಒರೆಸಿಕೊಂಡರು. ಅಂಗಳಕ್ಕೆ ಹೋಗಿ, ಬೆಳಕು ತಮ್ಮ ಮುಖದ ಮೇಲೆ ಬೀಳುವ ಹಾಗೆ ಅವಳ ಎದುರು ಕೆಳಗಿನ ಮೆಟ್ಟಲಿನಲ್ಲಿ ಕೂತರು. ಅಮ್ಮ ತಲೆ ಎತ್ತಿದಳು.

"ನಿನ್ನ ಅಕ್ಕ ತೀರಿಹೋದ್ರು."

ಒಂದೇ ಸಲ ಹೇಳಿದರು.

ಅಮ್ಮ ಕೈಯಲ್ಲಿದ್ದ ಬಸಳೆಯ ದಂಟನ್ನು ಮೊರದಲ್ಲಿ ಇಟ್ಟಳು. ಸ್ವಲ್ಪ ಹೊತ್ತು ಅಪ್ಪನ ಬಾಯಿಯನ್ನೇ ನೋಡಿದಳು. ಆಮೇಲೆ ಕೇಳಿದಳು:

"ಯಾವಾಗ?"